ವೇದಿಯ ಮುಂದೆ ಬಿಟ್ಟುಹೋದ ರೊಟ್ಟಿ

ಬೀದಿಗೆಲ್ಲ ಅವಳು ಬೇಕರಿ ಅಕ್ಕ. ಮೊಳಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದಲು ನಿಂತಳೆಂದರೆ ಸಿಡಿಲು ಬಿದ್ದರೂ ತಲೆ ಎತ್ತುವವಳಲ್ಲ. ಬಾಯಿ ಮಾತ್ರ ಬಲು ಜೋರು. ತಾಯಿ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ. ಅವನನ್ನು ಸಾಕಲೆಂದು ಮದುವೆಯೇ ಬೇಡವೆಂದಳು. ಅದನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ ಅವಳಿಗೆ!

ಅಂಥ ತಮ್ಮನೊಡನೆ ಮಾತು ಬಿಟ್ಟು ಒಂಬತ್ತು ವರ್ಷ. ಒಂದು ರಾತ್ರಿ ಬೇಕರಿಯ ಒಲೆ ಆರಿಸದೆ ಹೊರಟುಹೋದವನು ಅವನು. ಹೊತ್ತಿಕೊಂಡ ಹಿಟ್ಟಿನ ಚೀಲಗಳನ್ನು ಎಳೆದುಹಾಕಲು ಹೋಗಿ ಅಂಗೈ ಸುಟ್ಟುಕೊಂಡವಳು ಅವಳು. ಅಷ್ಟಾಗಿಯೂ ಆ ಪುಣ್ಯಾತ್ಮ, ಅಕ್ಕನೇ ಮರೆತಳೆಂದು ಊರಿಗೆಲ್ಲ ಸಾರಿ, ಎರಡು ಬೀದಿ ಆಚೆ ಬೇರೆ ಮನೆ ಮಾಡಿದ. ಅವನಾಗಿ ಬಂದು ತಪ್ಪೊಪ್ಪಿಕೊಳ್ಳಲಿ ಎಂದು ಅವಳು ಹಟ ಹಿಡಿದಳು. ಎದುರು ಸಿಕ್ಕರೆ ರಸ್ತೆ ದಾಟಿಬಿಡುತ್ತಿದ್ದಳು.

ಒಂದು ಭಾನುವಾರ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಎಲ್ಲರೂ ಹಂಚಿ ತಿನ್ನುವ ಪ್ರಭುಭೋಜನದ ರೊಟ್ಟಿಯನ್ನು ವೇದಿಗೆ ಒಯ್ಯುವ ಸರದಿ ಅವಳದು. ಪಾದ್ರಿಗಳು ಯೇಸುವಿನ ಮಾತು ಓದಿದರು: ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಅಸಮಾಧಾನ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು. ನೂರು ಸಲ ಕೇಳಿದ್ದ ಮಾತೇ. ಆದರೆ ಈ ಸಲ ರೊಟ್ಟಿಯ ತಟ್ಟೆ ಅವಳ ಕೈಯಲ್ಲಿತ್ತು. ತಪ್ಪು ಯಾರದೆಂದು ಯೇಸು ಕೇಳಿಯೇ ಇಲ್ಲವಲ್ಲ ಎಂದು ಹೊಳೆದಾಗ ಅವಳಿಗೆ ಮೈಯೆಲ್ಲ ಉರಿಯಿತು. ಮದುವೆ ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು. ತಾನೇ ಸರಿ ಎಂಬುದೊಂದನ್ನು ಬಿಟ್ಟಿರಲಿಲ್ಲ. ದೇವರು ಕೇಳುವ ಬಲಿ ಅದೇ ಇರಬೇಕು ಎನಿಸಿತು. ತಟ್ಟೆಯನ್ನು ವೇದಿಯ ಮೆಟ್ಟಿಲ ಮೇಲಿಟ್ಟು ಹೊರಟೇಬಿಟ್ಟಳು. ಮೈ ಸರಿಯಿಲ್ಲವೇನೋ ಎಂದು ಹೆಂಗಸರು ಪಿಸುಗುಟ್ಟಿದರು.

ದಾರಿಯುದ್ದಕ್ಕೂ ಒಂದೇ ಯೋಚನೆ. ಮುಖದ ಮೇಲೆಯೇ ಬಾಗಿಲು ಹಾಕಿದನೆಂದರೆ, ಇದ್ದೊಬ್ಬ ತಮ್ಮನೂ ಕೈತಪ್ಪಿದ ಹಾಗೆಯೇ. ಅವಳಿಗಿದ್ದ ರಕ್ತಸಂಬಂಧ ಅವನೊಬ್ಬನೇ.

ತಮ್ಮ ಅರ್ಧ ಗಡ್ಡ ಬೋಳಿಸಿಕೊಂಡು ಬಾಗಿಲು ತೆರೆದ. ಬೈಯಲು ಬಂದಳೆಂದು ಅವನ ಮುಖ ಬಿಳಿಚಿತು. ಮಾತು ಬಿಟ್ಟಿದ್ದು ಸಾಕು, ಮನೆಗೆ ಬಾ ಎಂದಳು ಅವಳು. ಅವನಿಗೆ ತಲೆ ಎತ್ತಲಾಗಲಿಲ್ಲ.

"ತಪ್ಪು ಮಾಡಿದ್ದು ನಾನು, ಅಕ್ಕ. ನೀನ್ಯಾಕೆ ಬಂದೆ?"

"ಗೊತ್ತು ಕಣೋ. ತಪ್ಪು ಮಾಡಿದವನಿಗೆ ಬರೋದು ಕಷ್ಟ. ಅದಕ್ಕೇ ನಾನು ಬಂದೆ."

ಇಬ್ಬರೂ ಹೊಸಿಲ ಮೇಲೆಯೇ ಕೂತು ಅತ್ತರು.