ಏಪ್ರಿಲ್‌ವರೆಗೆ ಬಾಯಿ ಬಿಡಬಾರದು

ವೆಲ್ಡಾ ಪ್ರೂಯಿಟ್ ಐವತ್ತೆರಡು ವರ್ಷ ಯಾರ ಮುಂದೆಯೂ ಸಾಲಕ್ಕೆ ಕೈಯೊಡ್ಡಿದವಳಲ್ಲ. ಕಾರು ಕೊಂಡರೆ ನಗದು, ಫ್ರಿಜ್ ಕೊಂಡರೆ ನಗದು, ಕೈಯಲ್ಲಿ ಇಲ್ಲದಿದ್ದರೆ ಆ ವಸ್ತುವೇ ಬೇಡ. ಇದು ತನ್ನ ಹೆಚ್ಚುಗಾರಿಕೆ ಎಂದೇ ಅವಳು ತಿಳಿದಿದ್ದಳು. ಮನೆ ಕೊಳ್ಳಬೇಕಾಗಿ ಬಂದಾಗ ಇದೇ ದೊಡ್ಡ ಕೊರತೆ ಎಂದು ಗೊತ್ತಾಯಿತು. ನಮ್ಮ ಕಡೆ ಲೆಕ್ಕವೇ ಹಾಗೆ. ಸಾಲ ಮಾಡಿ ತೀರಿಸಿದವನು ಮರ್ಯಾದಸ್ಥ, ಸಾಲವನ್ನೇ ಮಾಡದವನು ಯಾರೋ ಏನೋ.

ಆರ್ಕನ್ಸಾದ ಗುಡ್ಡಗಳ ನಡುವೆ ಇರುವ ಸೋರೆಲ್ ಫೋರ್ಕ್ ಎಂಬ ಊರಿನ ಶಾಲೆಯಲ್ಲಿ ಅವಳು ಅಡುಗೆಯವಳು. ತೊರೆಯ ಪಕ್ಕದ ಮರದ ಮನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಬಾಡಿಗೆಗಿದ್ದಾಳೆ. ಮನೆಯ ಯಜಮಾನ ಓರ್ವಿಲ್ ಟಿಮ್ಸ್ ಒಳ್ಳೆಯವನೇ. ಮಾರುತ್ತೇನೆ ಎಂದಾಗ ಮೊದಲು ಬಂದು ಹೇಳಿದ್ದು ಅವಳಿಗೇ. "ಡಲ್ಲಾಸ್‌ನೋನೊಬ್ಬ ಬೇಟೆಗೆ ಬರೋರ್ನ ಇಳಿಸೋಕೆ ಬೇಕು ಅಂತ ಕೂತಿದಾನೆ ವೆಲ್ಡಾ. ಬರೋ ವರ್ಷ ಮೇ ತಿಂಗಳು ಸ್ಕೂಲ್ ಮುಚ್ಚೋವರೆಗೂ ನಿನಗೋಸ್ಕರ ಕಾಯ್ತೀನಿ. ಅದರಾಚೆ ನನ್ನ ಕೈಲಾಗಲ್ಲ" ಎಂದಿದ್ದ. ಊರಲ್ಲಿ ಬೇರೆ ಬಾಡಿಗೆ ಮನೆ ಅವಳ ಸಂಬಳಕ್ಕೆ ಎಟುಕುವಂತಿರಲಿಲ್ಲ. ಈ ಮನೆ ಕೈತಪ್ಪಿದರೆ ಕೆಲಸ ಬಿಟ್ಟು ದೂರದಲ್ಲಿರುವ ತಮ್ಮನ ಮನೆಯ ಹಿತ್ತಲಿಗೆ ಹೋಗಿ, ಅಲ್ಲಿ ನಿಂತಿರುವ ಹಳೆಯ ಟ್ರೈಲರಿನಲ್ಲಿ, ಆ ಚಕ್ರದ ಮೇಲಿನ ತಗಡಿನ ಮನೆಯಲ್ಲಿ ಇರಬೇಕು. ತಮ್ಮನ ಹೆಂಡತಿಯ ಮುಖ ನೆನೆಸಿಕೊಂಡರೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಊರಿನ ಸಹಕಾರಿ ಬ್ಯಾಂಕಿನಲ್ಲಿ ಸಾಲದ ವಿಚಾರ ನೋಡಿಕೊಳ್ಳುವವಳು ಜೊನೆಟ್ ಸ್ಪೈಸರ್. ಭಾನುವಾರ ಚರ್ಚಿನಲ್ಲಿ ವೆಲ್ಡಾಳ ಪಕ್ಕದಲ್ಲೇ ನಿಂತು ಹಾಡುತ್ತಾಳೆ, ತುಸು ಅಪಸ್ವರದಲ್ಲಿ. ಅವಳೇ ದಾರಿ ತೋರಿಸಿದಳು. ಬ್ಯಾಂಕಿನಲ್ಲಿ ಮುನ್ನೂರು ಡಾಲರ್ ಒತ್ತೆಯಿಟ್ಟರೆ ಅದರ ಮೇಲೊಂದು ಕಾರ್ಡ್ ಕೊಡುತ್ತಾರೆ. ಅದರಲ್ಲಿ ಪೆಟ್ರೋಲ್ ಹಾಕಿಸಬೇಕು, ತಿಂಗಳ ಕೊನೆಗೆ ತೀರಿಸಬೇಕು.

"ನನ್ ದುಡ್ಡನ್ನ ನಾನೇ ಸಾಲ ತಗೊಂಡು ನಾನೇ ತೀರಿಸೋದಾ?" ಎಂದು ವೆಲ್ಡಾ ನಕ್ಕಳು.

"ಹೂಂ ಕಣೇ. ಒಂದು ವರ್ಷ ಹಂಗ್ ಮಾಡು, ಆಮೇಲೆ ನಿನ್ನ ಭಾರಿ ನಂಬಿಕಸ್ಥೆ ಅಂತಾರೆ."

ವೆಲ್ಡಾ ಅದನ್ನು ವ್ರತದಂತೆ ಮಾಡಿದಳು. ಫೆಬ್ರವರಿಯಲ್ಲಿ ಹೋಗಿ ಕೂತಾಗ ಜೊನೆಟ್ ಕಂಪ್ಯೂಟರ್ ನೋಡುತ್ತಾ ಹುಬ್ಬು ಗಂಟಿಕ್ಕಿದಳು. ಬ್ಯಾಂಕಿನವರು ಸಾಲ ಕೊಡುವ ಮೊದಲು ನೋಡುವ ಅಂಕವೇನೋ ಏರಿತ್ತು, ಆದರೆ ಒಂದು ಹಳೆಯ ಕಲೆ ಅದನ್ನು ಹಿಡಿದು ಕೆಳಕ್ಕೆ ಎಳೆಯುತ್ತಿತ್ತು.

"ಇದೇನೇ ಇದು, ನಾಲ್ಕು ಸಾವಿರದ ಮುನ್ನೂರು ಡಾಲರ್? ಆಸ್ಪತ್ರೆ ಬಾಕಿ ಅಂತ ತೋರಿಸ್ತಿದೆ."

ಅದು ಪಿತ್ತಕೋಶದ ಕಥೆ. ಏಳು ವರ್ಷದ ಹಿಂದೆ ಶಾಲೆಯ ಒಲೆಯ ಮುಂದೆಯೇ ಹೊಟ್ಟೆ ಹಿಡಿದುಕೊಂಡು ಬಿದ್ದವಳನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರು. ಆಸ್ಪತ್ರೆ ಅವಳ ವಿಮೆಯ ಪಟ್ಟಿಗೆ ಸೇರಿತ್ತು, ಕೊಯ್ದ ಡಾಕ್ಟರೂ ಸೇರಿದ್ದ. ಅರಿವಳಿಕೆ ಕೊಟ್ಟ ಡಾಕ್ಟರು ಮಾತ್ರ ಸೇರಿರಲಿಲ್ಲವಂತೆ, ಅವರ ಬಿಲ್ಲು ಪೂರ್ತಿ ಅವಳ ತಲೆಗೇ ಬಿತ್ತು! ಮೈಮೇಲೆ ಪ್ರಜ್ಞೆ ಇರುವಾಗಲೇ 'ಸ್ವಾಮಿ, ತಾವು ನನ್ನ ವಿಮೆಯವರೋ ಅಲ್ಲವೋ' ಎಂದು ಅವಳು ವಿಚಾರಿಸಿಕೊಳ್ಳಬೇಕಿತ್ತು. ಇಂಥದನ್ನು ಕೇಳಿದರೆ ಎಂಥವರಿಗೂ ಮೈ ಉರಿಯುತ್ತದೆ. ವೆಲ್ಡಾ ಮಾತ್ರ ತನ್ನದೇ ತಪ್ಪೆಂಬಂತೆ ತಲೆ ತಗ್ಗಿಸಿ ಒಂದಿಷ್ಟು ಕಂತು ಕಟ್ಟಿದ್ದಳು. ಆಮೇಲೆ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತು, ಕಂತು ನಿಂತಿತು. ಆ ಬಾಕಿಯನ್ನು ಯಾರೋ ಕೊಂಡು, ಇನ್ಯಾರಿಗೋ ಮಾರಿ, ಅವರು ಮತ್ತೊಬ್ಬರಿಗೆ ಮಾರಿ, ಈಗ ವಸೂಲಿ ಮಾಡುವುದನ್ನೇ ಕಸುಬು ಮಾಡಿಕೊಂಡ ಒಂದು ಕಂಪನಿಯ ಕೈಯಲ್ಲಿತ್ತು.

"ಏನಾದ್ರೂ ಮಾಡಿ ಕಟ್ಟಿಬಿಡ್ತೀನಿ ಜೊನೆಟ್. ತಿಂಗಳಿಗೆ ಇಪ್ಪತ್ತೈದು—"

"ಬಾಯಿ ಮುಚ್ಚು!" ಜೊನೆಟ್ ಮೇಜು ಬಡಿದಳು. "ಕಿವಿಗೊಟ್ಟು ಕೇಳು. ಇದು ಏಳು ವರ್ಷದ ಹಳೇದು. ಏಪ್ರಿಲ್ ಬಂದ್ರೆ ನಿನ್ನ ದಾಖಲೆಯಿಂದ ತಾನಾಗೇ ಉದುರಿಹೋಗುತ್ತೆ, ಕಾನೂನೇ ಹಂಗಿದೆ. ನಿನ್ ಮೇಲೆ ಕೋರ್ಟಿಗೆ ಹೋಗೋ ಗಡುವೂ ಅವರಿಗೆ ಮುಗಿದುಹೋಗಿದೆ. ಆದ್ರೆ ನೀನು ಒಂದೇ ಒಂದು ಡಾಲರ್ ಕೊಟ್ರೂ ಆ ಗಡುವಿಗೆ ಮತ್ತೆ ಜೀವ ಬರುತ್ತೆ. ಕೇಸ್ ಹಾಕ್ತಾರೆ, ಸಂಬಳಕ್ಕೆ ಕೈ ಹಾಕ್ತಾರೆ. ಆಮೇಲೆ ನಮ್ಮ ಬ್ಯಾಂಕಿನ ಕಮಿಟಿ ನಿನ್ನ ಅರ್ಜಿ ಮೂಸಿನೂ ನೋಡಲ್ಲ. ಫೋನ್ ಬಂದ್ರೆ 'ಕಾಗದದಲ್ಲಿ ಬರೆದು ಕಳಿಸಿ' ಅನ್ನು, ಇಟ್ಬಿಡು. ಏಪ್ರಿಲ್‌ವರೆಗೆ ಬಾಯಿ ಬಿಡಬೇಡ. ಇಷ್ಟೇ ಕೆಲಸ."

"ಇಷ್ಟೇನಾ?" ಎಂದಳು ವೆಲ್ಡಾ. ಆದರೆ ಅವಳ ಮುಖ ಬಿಳಿಚಿಕೊಂಡಿತ್ತು.

ಯಾಕೆಂದರೆ ಅದು ಇಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಗುಡ್ಡದ ಜನ ಎದುರಿಗೆ ಬಂದ ಗಾಡಿಯಲ್ಲಿ ಯಾರಿದ್ದಾರೆಂದು ತಿಳಿಯದಿದ್ದರೂ ಸ್ಟೀರಿಂಗ್ ಮೇಲಿನ ಬೆರಳೆತ್ತಿ ಮಾತಾಡಿಸುವವರು. ಇಲ್ಲಿ ಫೋನ್ ಇಡುವುದೆಂದರೆ ಒಂದು ಸಮಾರಂಭ. ಅಮ್ಮ ಹೇಗಿದ್ದಾಳೆ, ನಾಯಿ ಹೇಗಿದೆ, ಆಲಿಕಲ್ಲು ಬಿತ್ತಾ ಎಂದೆಲ್ಲ ಕೇಳಿ, ಇನ್ನೇನು ಇಡುತ್ತೇನೆ ಎಂದು ಎರಡು ಸಲ ಹೇಳಿ, ಮೂರನೆಯ ಸಲ ಇಡಬೇಕು. ಅದರಲ್ಲೂ ವೆಲ್ಡಾ ಎಂದರೆ ಕೇಳಿದವರಿಗೆ ಇಲ್ಲ ಎಂದು ಗೊತ್ತೇ ಇಲ್ಲದ ಹೆಂಗಸು. ಊಟದ ಖಾತೆಯಲ್ಲಿ ದುಡ್ಡಿಲ್ಲದ ಮಕ್ಕಳಿಗೆ ಬಿಸಿ ಊಟ ಕೊಡಬಾರದು, ತಣ್ಣನೆಯ ಚೀಸ್ ಬ್ರೆಡ್ಡು ಕೊಟ್ಟು ಕಳಿಸಬೇಕು ಎಂದು ಶಾಲೆಯ ನಿಯಮವಿತ್ತು. ವೆಲ್ಡಾ ಬೇರೆ ಕಡೆ ನೋಡುತ್ತಾ ಸೌಟು ತುಂಬಿ ಬಡಿಸುತ್ತಿದ್ದಳು. ಎರಡು ಸಲ ಎಚ್ಚರಿಕೆ ಕೊಟ್ಟರು, ಆಮೇಲೆ ಬೇಸತ್ತು ಬಿಟ್ಟರು.

ಮಾರ್ಚ್ ಬಂತು. ಸಾಲ ಉದುರಿಹೋಗುವ ವಾಸನೆ ಆ ಕಂಪನಿಗೂ ಹತ್ತಿರಬೇಕು, ಫೋನುಗಳು ಶುರುವಾದವು. ಮೊದಲನೆಯ ಸಲ ಒಬ್ಬ ಹೆಂಗಸು ಗದರಿಸಿದಳು. ವೆಲ್ಡಾ ಗಿಳಿಪಾಠ ಒಪ್ಪಿಸಿ ಇಟ್ಟಳು, ಇಟ್ಟಮೇಲೆ ಸಿಂಕಿನ ಬಳಿ ಹೋಗಿ ನಿಂತು ಅತ್ತಳು. ಇನ್ನೊಂದು ಸಲ ಒಬ್ಬ ಗಂಡಸು 'ಬಿಟ್ಟಿ ಆಪರೇಶನ್ ಮಾಡಿಸ್ಕೊಂಡು ಹಾಯಾಗಿದೀರಾ' ಎಂದು ಹಂಗಿಸಿದ. ಆವತ್ತು ರಾತ್ರಿಯೆಲ್ಲ ಅವಳಿಗೆ ನಿದ್ದೆಯಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮಾರ್ಚ್ ಕೊನೆಯ ದಿನ ಶನಿವಾರ. ವೆಲ್ಡಾ ಬೀನ್ಸ್ ಬೇಯಲಿಟ್ಟು ಜೋಳದ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದಳು. ಫೋನ್ ರಿಂಗಾಯಿತು. ಊರ ಕಡೆಯದೇ ನಂಬರು, ಜೊನೆಟ್ ಬ್ಯಾಂಕಿನಿಂದ ಮಾಡಿರಬೇಕೆಂದು ಹಿಟ್ಟಿನ ಕೈಯಲ್ಲೇ ಎತ್ತಿದಳು.

"ವೆಲ್ಡಾ ಪ್ರೂಯಿಟ್ ಅವರಾ ಮಾತಾಡ್ತಿರೋದು?"

"ಹೌದಪ್ಪ, ನಾನೇ." ಬಾಯಿಂದ ಜಾರಿಯೇ ಹೋಯಿತು.

"ಮೇಡಂ, ಈ ಕರೆ ರೆಕಾರ್ಡ್ ಆಗ್ತಿದೆ. ಒಂದು ಹಳೇ ಆಸ್ಪತ್ರೆ ಬಾಕಿ ವಸೂಲಿಗೆ ಸಂಬಂಧಪಟ್ಟ ಹಾಗೆ..."

"ಏನಿದ್ರೂ ಕಾಗದದಲ್ಲಿ ಬರೆದು ಕಳಿಸಿ" ಎಂದು ವೆಲ್ಡಾ ಒಂದೇ ಉಸಿರಿನಲ್ಲಿ ಹೇಳಿದಳು.

ಆಮೇಲೆ ಬಂದ ದನಿ ಬೇರೆಯೇ ಆಗಿತ್ತು, ಅಪ್ಪಟ ನಮ್ಮ ಗುಡ್ಡದ ದನಿ.

"ಸೋರೆಲ್ ಫೋರ್ಕ್ ಸ್ಕೂಲಿನ ಮಿಸ್ ವೆಲ್ಡಾನಾ? ನಾನು ಕೋಲ್ಬಿ, ಮಿಸ್ ವೆಲ್ಡಾ! ಕೋಲ್ಬಿ ಹ್ಯಾಗರ್ಟಿ. ಮೂರನೇ ಕ್ಲಾಸಿಂದ ನಿಮ್ಮ ಕೈ ಊಟ ತಿಂದೋನು. ನೆನಪಿದೀನಾ?"

ವೆಲ್ಡಾಳಿಗೆ ನೆನಪಿರಲಿಲ್ಲ. ವರ್ಷಕ್ಕೆ ನೂರಾರು ಮಕ್ಕಳು ತಟ್ಟೆ ಹಿಡಿದು ಬರುತ್ತಿದ್ದರು, ಒಂದು ಮುಖವೂ ಕಣ್ಣ ಮುಂದೆ ಬರಲಿಲ್ಲ. "ನೆನಪಿಲ್ದೆ ಏನೋ! ಚೆನ್ನಾಗಿದೀಯಾ ಮಗ?" ಎಂದಳು. ಹಾಗೆನ್ನದೆ ಇರಲು ಅವಳಿಂದ ಆಗುತ್ತಿರಲಿಲ್ಲ. ಜೊನೆಟ್ ಕಟ್ಟಿಕೊಟ್ಟ ಬೇಲಿ ಅಲ್ಲಿಗೆ ಮುರಿಯಿತು.

ಅವನು ಚೆನ್ನಾಗಿರಲಿಲ್ಲ. ಹೆಂಡತಿಗೆ ಏಳು ತಿಂಗಳು. ಈ ತಿಂಗಳು ತಂದು ತೋರಿಸಬೇಕಾದ ವಸೂಲಿಗೆ ಒಂದು ಖಾತೆ ಕಡಿಮೆಯಿದೆ, ಇವತ್ತೇ ಕೊನೆಯ ದಿನ. "ಹೋದ ತಿಂಗಳೂ ಕಡಿಮೆ ಬಿದ್ದಿತ್ತು, ಮಿಸ್ ವೆಲ್ಡಾ. ಈ ಸಲ ಆದ್ರೆ ಸೀದಾ ಮನೆಗೆ ಹೋಗು ಅಂತಾರೆ. ಕೆಲಸ ಹೋದ್ರೆ ವಿಮೆನೂ ಹೋಗುತ್ತೆ. ಹೆರಿಗೆ ಬಿಲ್ಲು ನನ್ ತಲೆ ಮೇಲೇ ಬೀಳುತ್ತೆ. ಇಲ್ಲಿ ಕೂತು ದಿನಾ ನೋಡ್ತೀನಲ್ಲ, ಅದು ಎಂಥದು ಅಂತ ನಂಗೊತ್ತು. ಪೂರ್ತಿ ಬೇಡ. ಇಪ್ಪತ್ತೈದು ಡಾಲರ್ ಹಾಕಿ ಸಾಕು."

ವೆಲ್ಡಾ ಗೋಡೆಗೊರಗಿ ನಿಂತಳು. ಇದು ಇವರ ಕಸುಬಿನ ಆಟವಿರಬಹುದೇ? ಎಲ್ಲರ ಹತ್ತಿರವೂ ಇವನು ಹೆಂಡತಿಯ ಬಸಿರಿನ ಕಥೆ ಹೇಳುತ್ತಿರಬಹುದೇ? ಇರಬಹುದು. ಆದರೆ ಆ ದನಿ ನಡುಗುತ್ತಿತ್ತು, ಅಂಥ ನಡುಕವನ್ನು ಕಲಿತುಕೊಂಡು ಬರಲಾಗದು ಎಂದು ಅವಳಿಗೆ ಅನ್ನಿಸಿತು.

"ಒಂದ್ ಕೆಲಸ ಮಾಡು ಮಗ. ಮನೆಗೆ ಬಾ. ಇಪ್ಪತ್ತೈದಲ್ಲ, ಐವತ್ತು ಕೊಡ್ತೀನಿ, ನಿನ್ ಕೈಗೇ."

"ಅದು ಲೆಕ್ಕಕ್ಕೆ ಬರಲ್ಲ, ಮಿಸ್ ವೆಲ್ಡಾ. ನಿಮ್ಮ ಖಾತೆಗೇ ಬೀಳ್ಬೇಕು."

ಕಿಟಕಿಯಾಚೆ ತೊರೆ ಕಾಣುತ್ತಿತ್ತು. ಈಗ ಹೂಂ ಎಂದರೆ ಈ ಕಿಟಕಿ ಇಲ್ಲ, ಈ ಒಲೆಯಿಲ್ಲ, ತಮ್ಮನ ಹಿತ್ತಲ ಟ್ರೈಲರೇ ಗತಿ. ಇದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ಮರೆತು ಮಾಡಿದ್ದಲ್ಲ. ಇಲ್ಲ ಅನ್ನಬೇಕು, ಎರಡಕ್ಷರ. ಬಾಯಿ ತೆರೆದಳು, ಆ ಎರಡಕ್ಷರ ಬರಲೇ ಇಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂದು ಕಣ್ಣಲ್ಲಿ ನೀರಾಡಿತು. ಕೈ ತನ್ನಷ್ಟಕ್ಕೆ ಪರ್ಸು ತೆಗೆಯಿತು. ಪೆಟ್ರೋಲಿಗೆಂದು ವರ್ಷವಿಡೀ ಜೋಪಾನ ಮಾಡಿದ್ದ ಕಾರ್ಡಿನ ಮೇಲೆ ಹಿಟ್ಟಿನ ಬೆರಳು ಮೂಡಿತು.

"ಬರ್ಕೋ" ಎಂದಳು. ಮೊದಲ ನಾಲ್ಕು ಅಂಕಿ ಹೇಳಿದಳು. ಆ ಕಡೆ ಕೀಲಿಮಣೆ ಟಕಟಕ ಎಂದಿತು. ಇನ್ನೂ ನಾಲ್ಕು ಹೇಳಿದಳು. ಧ್ವನಿ ಒಡೆಯಿತು, ಸರಿಮಾಡಿಕೊಂಡು ಮತ್ತೆರಡು ಹೇಳಿದಳು. ಟಕಟಕ ನಿಂತುಹೋಗಿತ್ತು.

"ಮಿಸ್ ವೆಲ್ಡಾ, ಅಳ್ತಿದೀರಾ?"

"ಇಲ್ಲಪ್ಪ. ಬರ್ಕೋ."

"ಇದನ್ನ ಕಟ್ಬೇಡಿ ಅಂತ ಯಾರಾದ್ರೂ ನಿಮಗೆ ಹೇಳಿದಾರಾ?"

ಸುಳ್ಳು ಹೇಳಬಹುದಿತ್ತು. ಅದೂ ಅವಳಿಗೆ ಆಗಲಿಲ್ಲ. "ಹೇಳಿದಾರೆ. ಒಂದು ಡಾಲರ್ ಕೊಟ್ರೂ ಮನೆ ಹೋಗುತ್ತೆ ಅಂದಿದಾರೆ."

"ಮತ್ತೆ ಯಾಕೆ ನಂಬರ್ ಹೇಳ್ತಿದೀರಾ?"

"ನೀನು ಕೇಳ್ದೆಯಲ್ಲೋ, ಅದಕ್ಕೆ."

ಅವನ ಹಿಂದೆ ಬೇರೆ ಬೇರೆ ದನಿಗಳು ಬೇರೆ ಬೇರೆ ಜನರನ್ನು ಒತ್ತಾಯಿಸುತ್ತಿದ್ದವು. ಅವನು ಮಾತಾಡಿದಾಗ ಪ್ರತಿ ಮಾತನ್ನೂ ಬಿಡಿಸಿ ಹೇಳಿದ, ರೆಕಾರ್ಡು ಕೇಳುವವರಿಗೂ ಸರಿಯಾಗಿ ಕೇಳಲಿ ಎನ್ನುವ ಹಾಗೆ.

"ಈಗ ಕೇಳ್ತಿಲ್ಲ. ನಾನು ಬರ್ಕೊಂಡಿದ್ದನ್ನ ಅಳಿಸ್ತಿದೀನಿ. ಕಟ್ಬೇಡಿ, ಮಿಸ್ ವೆಲ್ಡಾ. ನನಗೂ ಬೇಡ, ಯಾರಿಗೂ ಬೇಡ. ಈಗ ಇನ್ನೊಂದು ಫೋನ್ ಬರುತ್ತೆ. ನನ್ನ ಮೇಲಿನೋರು ಮಾಡ್ತಾರೆ. ಎತ್ಬೇಡಿ."

"ಕೋಲ್ಬಿ, ನಿನ್ ಕೆಲಸ..."

ಫೋನ್ ಕಟ್ಟಾಯಿತು. ಅಮ್ಮ ಹೇಗಿದ್ದಾಳೆ ಎಂದು ಕೇಳಲಿಲ್ಲ, ಇಡುತ್ತೇನೆ ಎಂದೂ ಹೇಳಲಿಲ್ಲ. ನಮ್ಮ ಗುಡ್ಡದಲ್ಲಿ ಹುಟ್ಟಿದ ಹುಡುಗನೊಬ್ಬ ಹಾಗೆ ಫೋನ್ ಇಟ್ಟದ್ದನ್ನು ವೆಲ್ಡಾ ಅದುವರೆಗೆ ಕೇಳಿರಲಿಲ್ಲ.

ಬೀನ್ಸಿನ ನೀರು ಉಕ್ಕಿ ಒಲೆಯ ಮೇಲೆ ಚುರುಗುಟ್ಟುವ ಹೊತ್ತಿಗೆ ಮತ್ತೆ ರಿಂಗಾಯಿತು, ಅದೇ ನಂಬರು. ಅವಳ ಮೈಯೆಲ್ಲ ಆ ಫೋನಿನ ಕಡೆಗೆ ವಾಲಿತು. ಎತ್ತಿ 'ಆ ಹುಡುಗನದೇನೂ ತಪ್ಪಿಲ್ಲ ಸ್ವಾಮಿ, ನಾನೇ ಮೊಂಡು ಹಿಡಿದೆ' ಎಂದು ಹೇಳಿಬಿಡಬೇಕು, ಅಷ್ಟೇ. ಆದರೆ ಎತ್ತಿದರೆ ಅವರು ಕೇಳುತ್ತಾರೆ, ಕೇಳಿದರೆ ತಾನು ಕೊಡುತ್ತೇನೆ, ಅವನು ಮಾಡಿದ್ದು ನೀರುಪಾಲಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಾನು ಹೇಳಬೇಕಾಗಿದ್ದ ಇಲ್ಲವನ್ನು ಹೆರಿಗೆಯ ಚಿಂತೆಯಲ್ಲಿರುವ ಆ ಹುಡುಗ ಹೇಳಬೇಕಾಯಿತಲ್ಲ ಎಂಬ ನಾಚಿಕೆ ಅವಳನ್ನು ಸುಡುತ್ತಿತ್ತು. ಎರಡೂ ಕೈಯಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತಳು. ಅದು ಹೊಡೆದುಕೊಂಡು ಸುಮ್ಮನಾಯಿತು, ಮತ್ತೆ ಹೊಡೆದುಕೊಂಡಿತು. ಸಂಜೆಯವರೆಗೆ ಹಾಗೇ ನಡೆಯಿತು, ಅವಳು ಎತ್ತಲಿಲ್ಲ.

ಏಪ್ರಿಲ್‌ನಲ್ಲಿ ಕಲೆ ಉದುರಿತು. ಮೇ ತಿಂಗಳ ಮೂರನೇ ವಾರ ವೆಲ್ಡಾ ಬ್ಯಾಂಕಿನಲ್ಲಿ ಕೂತು ಜೊನೆಟ್ ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಓರ್ವಿಲ್ ಟಿಮ್ಸ್ ಟೋಪಿ ತೆಗೆದು ಕೈಕುಲುಕಿ ಬೀಗದ ಕೈ ಕೊಟ್ಟು ಹೋದ. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು, ಮುಚ್ಚಿಡುವಂಥದ್ದೇನೂ ಇರಲಿಲ್ಲ.

"ಜೊನೆಟ್, ಆ ವಸೂಲಿ ಕಂಪನಿಗೆ ಒಂದೇ ಒಂದು ಫೋನ್ ಮಾಡ್ಲಾ?"

"ತಲೆ ಕೆಟ್ಟಿದೆಯೇನೇ ನಿನಗೆ? ಈಗ ತಾನೇ ಸಹಿ ಹಾಕಿದೀಯ!"

"ದುಡ್ಡಿನ ವಿಷಯಕ್ಕಲ್ಲ. ಅಲ್ಲೊಬ್ಬ ಹುಡುಗನ ಕೆಲಸ ಉಳೀತಾ ಅಂತ ಕೇಳೋಕೆ. ಹೆಂಡ್ತಿಗೆ ದಿನ ತುಂಬಿರಬೇಕು."

ಜೊನೆಟ್ ಪೂರ್ತಿ ಕಥೆ ಕೇಳಿದಳು. ಕೇಳಿ ಪೆನ್ನಿನ ಮುಚ್ಚಳ ಹಾಕಿದಳು.

"ಕಲೆ ಹೋಗಿದೆ ಅಷ್ಟೇ, ಬಾಕಿ ಹೋಗಿಲ್ಲ ವೆಲ್ಡಾ. ನೀನಾಗೇ ಮಾಡಿದ್ರೆ ಅವರು ಮತ್ತೆ ಹಿಡ್ಕೋತಾರೆ, ನೀನು ಮತ್ತೆ ಕಾರ್ಡ್ ತೆಗೀತೀಯ. ಬೇಡ. ಯಾವತ್ತೂ ಮಾಡ್ಬೇಡ."

ವೆಲ್ಡಾ ಹೂಂ ಎಂದಳು. ಮನೆಗೆ ಬಂದು ಅಡುಗೆಗಿಟ್ಟಳು, ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಳು. ನಂಬರು ಅದರಲ್ಲೇ ಇದೆ. ಆ ಹುಡುಗನ ಕೆಲಸ ಉಳಿಯಿತೋ ಹೋಯಿತೋ, ಹೆರಿಗೆಯ ಬಿಲ್ಲು ಯಾರು ಕಟ್ಟಿದರೋ, ಅವಳು ಇವತ್ತಿನವರೆಗೂ ಕೇಳಿಲ್ಲ.