ಬೇರೆ ಮನೆಯ ಶ್ರುತಿ

ಸೋಲೊ ಪಟ್ಟಣದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಿಯಾನೊ ಕಲಿಸಿದ ವಿನಾರ್ತಿಗೆ ಐವತ್ತೆರಡನೇ ವಯಸ್ಸಿನಲ್ಲಿ ಒಂದು ಹಟ ಹತ್ತಿತು. ಯುರೋಪಿನ ಹಳೆಯ ಪಿಯಾನೊ ಕೃತಿಯೊಂದನ್ನು ತನ್ನ ಕೇರಿಯ ಗಮೆಲಾನ್ ಮೇಳದ ಕಂಚಿನ ವಾದ್ಯಗಳ ನಡುವೆ ಕುಳಿತು ನುಡಿಸಬೇಕು. ಪಿಯಾನೊದ ಶ್ರುತಿ ಕಂಚಿಗೆ ಒಗ್ಗದು. ಅದಕ್ಕೇ ಸ್ವರಗಳನ್ನು ಬೇಕಾದಂತೆ ಏರಿಸಿ ಇಳಿಸಬಹುದಾದ ಎಲೆಕ್ಟ್ರಾನಿಕ್ ಕೀಬೋರ್ಡ್ ತಂದಳು. ರೇಡಿಯೊದಲ್ಲಿ ಬರುವ ದೊಡ್ಡ ಮೇಳವೊಂದನ್ನು ಕೇಳಿ ಕೇಳಿ, ಮೂರು ವಾರ ಕೂತು ಶ್ರುತಿ ಕೂಡಿಸಿದಳು.

ಅಭ್ಯಾಸದ ದಿನ ಅವಳು ನಾಲ್ಕು ಸ್ವರ ನುಡಿಸುವಷ್ಟರಲ್ಲಿ, ಡೋಲು ಬಾರಿಸುತ್ತ ಮೇಳ ನಡೆಸುವ ಮುದುಕ ಕರ್ಸಿಮಿನ್ ಕೈಯೆತ್ತಿ ನಿಲ್ಲಿಸಿದ.

“ಬು, ಇದ್ಯಾರ ಮನೆ ಶ್ರುತಿ?”

“ರೇಡಿಯೊ ಮೇಳದ್ದು, ಪಾಕ್.” ಹೆಂಗಸರಿಗೆ ‘ಬು’, ಹಿರಿಯ ಗಂಡಸರಿಗೆ ‘ಪಾಕ್’ ಎನ್ನುವುದು ಆ ಊರಿನ ಮರ್ಯಾದೆ.

“ಹಾಗಾದ್ರೆ ರೇಡಿಯೊದವರ ಜೊತೇಲೇ ನುಡ್ಸಿ. ಸೋಲೊದಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ?”

ಗೊತ್ತಿತ್ತು. ಒಂದು ಗಮೆಲಾನಿನಂತೆ ಇನ್ನೊಂದಿರುವುದಿಲ್ಲ. ಕಂಚುಗಾರ ಹೇಗೆ ಬಡಿದನೋ ಅದೇ ಆ ಮನೆಯ ಶ್ರುತಿ. ಆದರೆ ಒಂಬತ್ತನೇ ವಯಸ್ಸಿಗೇ ಪಿಯಾನೊ ಹಿಡಿದ ಕಿವಿ, ಲೋಕಕ್ಕೆಲ್ಲ ಒಂದೇ ಶ್ರುತಿ ಎಂದು ನಂಬಿಬಿಟ್ಟಿತ್ತು. ಎದುರಂಗಡಿಯ ಗಜಕಡ್ಡಿ ತಂದು ನಮ್ಮ ಗಿರಾಕಿಗೆ ಬಟ್ಟೆ ಅಳೆದ ಹಾಗೆ.

“ಶನಿವಾರ ಕಚೇರಿ. ಶುಕ್ರವಾರದೊಳಗೆ ನಿಮ್ಮ ಡಬ್ಬಿ ನಮ್ಮ ಮಾತು ಕಲಿತ್ರೆ ಸರಿ,” ಎಂದ ಕರ್ಸಿಮಿನ್. “ಇಲ್ಲಾಂದ್ರೆ, ಬಂದೋರಿಗೆ ಚಹಾ ಕೊಡೋಕೆ ಒಬ್ರು ಬೇಕೇ ಬೇಕು.”

“ಚಹಾ ಚೆನ್ನಾಗೇ ಮಾಡ್ತೀನಿ, ಪಾಕ್. ಆದ್ರೆ ಶನಿವಾರ ನಂಗೆ ಪುರುಸೊತ್ತಿಲ್ಲ.”

ಮರುದಿನ ಬೆಳಿಗ್ಗೆ ಮೇಳದ ದೊಡ್ಡ ಜಾಗಟೆಯಂಥ ಗಾಂಗಿನ ಮುಂದೆ ಹೂವಿಟ್ಟು, ಧೂಪ ಹಾಕಿ, ಅಪ್ಪಣೆ ಕೇಳಿ ನೆಲದ ಮೇಲೆ ಕುಳಿತಳು. ಒಂದು ಕಂಚಿನ ಪಟ್ಟಿ ಬಡಿಯುವುದು, ಕೀಬೋರ್ಡಿನಲ್ಲಿ ಆ ಸ್ವರವನ್ನು ಕೂದಲೆಳೆಯಷ್ಟು ಜರುಗಿಸುವುದು, ಮತ್ತೆ ಬಡಿಯುವುದು. ಮೊಣಕಾಲು ಬೈಯಿತು, ಏಳಲಿಲ್ಲ. ನಾಲ್ಕನೇ ದಿನ ಒಂದು ಮುದಿ ಪಟ್ಟಿ ಸಿಕ್ಕಿತು. ಸವೆದು, ಸ್ವರ ಇಳಿದು, ಅಕ್ಕಪಕ್ಕದ ಪಟ್ಟಿಗಳ ಲೆಕ್ಕಕ್ಕೇ ಬಾರದ್ದು. ಕೀಬೋರ್ಡಿನಲ್ಲಿ ಆ ಸ್ವರವನ್ನು ಸರಿಪಡಿಸಿಯೇ ಇಡೋಣವೆಂದು ಬೆರಳು ತುಡಿಯಿತು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಬೆರಳಲ್ಲವೇ! ಹಲ್ಲು ಕಚ್ಚಿ, ಪಟ್ಟಿಯಲ್ಲಿ ಇದ್ದಂತೆಯೇ ಇಟ್ಟಳು.

ಶುಕ್ರವಾರ ನುಡಿಸಿದಳು. ಅದೇ ಸ್ವರ ಬಂದಾಗ ಕರ್ಸಿಮಿನ್ ತಲೆ ವಾರೆ ಮಾಡಿದ.

“ಅದೊಂದು ಇನ್ನೊಮ್ಮೆ.”

ಅವಳು ಒತ್ತಿದಳು. ಅವನು ಕೈಚಾಚಿ ಮುದಿ ಪಟ್ಟಿಯನ್ನು ಬಡಿದ. ಎರಡೂ ದನಿ ಒಂದಾಗಿ ಎದ್ದು ಒಟ್ಟಿಗೇ ಅಡಗಿದವು.

“ನಮ್ಮ ಮುದುಕಪ್ಪನ ಕುಂಟನ್ನೂ ಕದ್ದುಬಿಟ್ರಲ್ಲ, ಬು!”

“ಕದ್ದಿಲ್ಲ ಪಾಕ್. ಹೂವಿಟ್ಟು ಕೇಳ್ಕೊಂಡೆ.”

“ಸರಿ. ಚಹಾಕ್ಕೆ ನನ್ನ ಸೊಸೆಗೆ ಹೇಳ್ತೀನಿ,” ಎಂದು ಮುದುಕ ಡೋಲಿನ ಮೇಲೆ ಕೈಯಿಟ್ಟ. “ಹೂಂ, ಮೊದಲಿಂದ.”