ಜೋಡೋ, ಗಾಡಿಯೋ

ಸಾಗರದ ಆ ಅಂಗಡಿಯಲ್ಲಿ ಸ್ಕೇಟುಗಳು ಎರಡೇ ನಮೂನೆ ಇದ್ದವು. ಒಂದು, ಬಿಳಿ ಬೂಟಿಗೇ ಗಾಲಿ ಕೂಡಿಸಿದ್ದು, ಕೆಂಪು ಲೇಸಿನದ್ದು. ಇನ್ನೊಂದು, ಹಾಕಿದ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಬರಿಯ ಕಬ್ಬಿಣದ ಪಟ್ಟಿ. ಅದಕ್ಕೆ ನಾಲ್ಕು ಗಾಲಿ, ಹಿಂದೆ ಚರ್ಮದ ಬೆಲ್ಟು, ಮುಂದೆ ಕೊಕ್ಕೆ, ಹಿಗ್ಗಿಸಿ ಕುಗ್ಗಿಸಲು ಒಂದು ಕೀಲಿ. ಈಗಿನ ಮಕ್ಕಳು ಹಳೇ ಕಾಲದ ಸ್ಟೈಲು ಅಂತ ಹುಡುಕಿಕೊಂಡು ಹೋಗುವುದು ಇವನ್ನೇ. ಎಂಬತ್ತರ ದಶಕದ ಆ ಬೇಸಿಗೆ ರಜೆಯಲ್ಲಿ ನನಗೆ ಲೋಕದಲ್ಲಿ ಅವಕ್ಕಿಂತ ಹೊಸದು ಇನ್ನೊಂದಿರಲಿಲ್ಲ.

ನನ್ನ ಕಣ್ಣು ಬಿಳಿ ಬೂಟಿನ ಮೇಲೆ. ಉಳಿದಿದ್ದು ಒಂದೇ ಜೊತೆ. ಹವಾಯಿ ಚಪ್ಪಲಿಯಲ್ಲಿ ಬೆಳೆದು ಅಗಲವಾಗಿದ್ದ ನನ್ನ ಪಾದ ಹೇಗೋ ಒಳಗೆ ಹೋಯಿತು, ಬೆರಳುಗಳು ಮಾತ್ರ ಒಂದರ ಮೇಲೊಂದು ಹತ್ತಿ ಕೂತವು. "ಸರಿಯಾಗಿದೆ" ಅಂದೆ. ಅಪ್ಪ ಬಗ್ಗಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ. ಅಪ್ಪಂದಿರೆಲ್ಲ ಹಾಗೆ ಒತ್ತುತ್ತಾರೆ, ಅಲ್ಲಿ ಖಾಲಿ ಜಾಗ ಸಿಗದಿದ್ದರೆ ಕೊಡಿಸುವುದಿಲ್ಲ.

"ಬೆಳೆಯೋ ಕಾಲು ಕಣೇ. ಮುಂದಿನ್ ವರ್ಷ ಇದನ್ನ ಎಂತ ಮಾಡ್ತೀ?"

"ನೋಯ್ತಿಲ್ಲಪ್ಪ" ಅನ್ನುವಾಗ ಕಣ್ಣಲ್ಲಿ ನೀರಿತ್ತು. ಕಬ್ಬಿಣದ್ದೇ ಗತಿಯಾಯಿತು. ನಮ್ಮೂರು ಹೊಸನಗರದವರೆಗೂ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಅಪ್ಪ ಕಡಲೆಕಾಯಿ ಕೊಡಿಸಿದ. ತಿಂದೆ, ಆದರೆ ಮಾತಾಡಲಿಲ್ಲ.

ಅಪ್ಪ ರಸ್ತೆ ಕೆಲಸದ ಓವರ್‌ಸಿಯರ್. ಆದರೂ ನಮ್ಮ ಬೀದಿಯಲ್ಲಿ ಜಲ್ಲಿಯಷ್ಟೇ ಬಿದ್ದಿತ್ತು, ಡಾಂಬರು ಬಂದಿರಲಿಲ್ಲ. ಗಾಲಿ ಉರುಳುವಂಥ ನೆಲ ಅಂದರೆ ನಮ್ಮ ನಡುಮನೆಯ ಕೆಂಪು ಸಿಮೆಂಟು ಒಂದೇ. ಅದನ್ನು ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದವಳು ಅಜ್ಜಿ, ಅಪ್ಪನ ಅಮ್ಮ, ಮೇಗರವಳ್ಳಿ ಕಡೆಯವಳು. ಅವಳನ್ನು ಕಂಡ ಕೂಡಲೇ ನಾನು ಜಂಬದಿಂದ ಕೂಗಿದೆ, "ಅಜ್ಜೀ, ನೋಡು, ನನ್ ಗಾಲಿ ಜೋಡು!"

ಕೆಟ್ಟಿದ್ದೇ ಅಲ್ಲಿ.

"ಜೋಡಾ? ಹಂಗಾರೆ ಮೆಟ್ಲ ಕೆಳಗೇ ಬಿಟ್ಟು ಬಾ."

ನಮ್ಮಲ್ಲಿ ಜೋಡು, ಅಂದರೆ ಕಾಲಿಗೆ ಮೆಟ್ಟುವ ಯಾವುದೇ ಆಗಲಿ, ಹೊಸಿಲು ದಾಟುವ ಹಾಗಿಲ್ಲ. ಬೀದಿಗೇ ಹೋದೆ. ಶಾಲೆಯ ಕ್ಯಾನ್ವಾಸ್ ಶೂ ಹಾಕಿ ಕೊಕ್ಕೆ ಬಿಗಿದರೆ, ಅದರ ಮೆತ್ತನೆಯ ಅಟ್ಟೆ ಮಡಚಿಕೊಂಡು ಕೊಕ್ಕೆ ಜಾರಿತು. ಸ್ಕೇಟು ಒಂದು ಕಡೆ, ನಾನೊಂದು ಕಡೆ. ಮಂಡಿಗೆ ಅರಿಶಿನ ಮೆತ್ತುತ್ತಾ ಅಜ್ಜಿ, "ನಿನ್ ಅಪ್ಪ ಹಾಕ್ಸಿದ್ ಜಲ್ಲಿ ಅಲ್ದಾ, ಚೆನ್ನಾಗೇ ಮುದ್ದು ಮಾಡೈತೆ" ಅಂದಳು. ನನಗೆ ನಗು ಬರಲಿಲ್ಲ. ರಜೆ ಮುಗಿಯುತ್ತ ಬಂದಿತ್ತು, ಮಳೆ ಹಿಡಿದರೆ ಬೀದಿಯೂ ಇಲ್ಲ. ಒಂದು ಸಲವಾದರೂ ಜುಂಯ್ ಅಂತ ಹೋಗದೆ ಅದು ತುಕ್ಕು ಹಿಡಿಯುತ್ತದಲ್ಲಾ ಎಂದು ಜೋರಾಗಿಯೇ ಅತ್ತೆ.

"ಅದು ಜೋಡಲ್ಲ ಅಜ್ಜಿ, ಗಾಡಿ!"

"ನೀನೇ ಜೋಡು ಅಂದ್ಯಲ್ಲೇ."

"ತಪ್ಪಿ ಅಂದೆ. ನಡೆಯೋಕೆ ಕಲಿವಾಗ ನಾನು ಮರದ ಗಾಡಿ ತಳ್ಳಿದ್ದು ನಡುಮನೇಲೇ ಅಲ್ವಾ? ಅದಕ್ಕೂ ಗಾಲಿ ಇತ್ತು."

ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. ಮನೆಯ ಮಡಿ ಮೈಲಿಗೆಗೆ ಅವಳದೇ ಕೊನೇ ಮಾತು. "ಬೂಟಿಗೆ ಕಟ್ಟಿದ್ರೆ ಜೋಡು. ಬರಿಗಾಲಿಗೆ ಕಟ್ಟಿದ್ರೆ ಗಾಡಿ. ಗಾಲಿ ತೊಳ್ಕಂಡು ಬಾ."

ಬಿಳಿ ಬೂಟು ಬಂದಿದ್ದರೆ ಅದು ಮೆಟ್ಟಿಲ ಕೆಳಗೇ ಕೊಳೆಯುತ್ತಿತ್ತು! ಇದನ್ನು ಅಪ್ಪನಿಗೆ ಹೇಳಿ ಅವನನ್ನು ಗೆಲ್ಲಿಸುವ ಮನಸ್ಸು ಮಾತ್ರ ಬರಲಿಲ್ಲ. ಕಬ್ಬಿಣ ಒತ್ತದ ಹಾಗೆ ಅಜ್ಜಿ ತನ್ನ ಹಳೇ ಸೀರೆ ಹರಿದು ನನ್ನ ಪಾದಕ್ಕೆ ಸುತ್ತಿದಳು. ಕೀಲಿ ತಿರುಗಿಸಿ ಕುಗ್ಗಿಸಿದೆ, ಸಾಲಲಿಲ್ಲ, ಇನ್ನಷ್ಟು ಕುಗ್ಗಿಸಿದೆ, ಹಿಮ್ಮಡಿ ಬಂದು ಕೂತಿತು. ಹಿಡಿದಿದ್ದ ನಡುಮನೆಯ ಕಂಬ ಬಿಟ್ಟು ಎದುರು ಗೋಡೆಯವರೆಗೆ ಹೋದಾಗಿನ ಆ ಸುಖವನ್ನು ಆಮೇಲೆ ಯಾವ ವಾಹನವೂ ನನಗೆ ಕೊಟ್ಟಿಲ್ಲ.

ಅಜ್ಜಿ ದಿನಾ ಮಧ್ಯಾಹ್ನ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಅಮ್ಮ ಪಕ್ಕದ ಮನೆಗೆ ಹೋಗಿದ್ದ ಒಂದು ದಿನ, ಬಾಗಿಲ ಕಡೆ ಕಣ್ಣು ಹಾಯಿಸಿ, "ಎಲ್ಲಿ, ನಂಗೊಂದ್ಸಲ ಕಟ್ಟು" ಅಂದಳು.

ನಾನು ನೆಲದ ಮೇಲೆ ಕೂತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಜೀವಮಾನವಿಡೀ ಬರಿಗಾಲಲ್ಲೇ ನಡೆದವಳು. ಒಡೆದ ಹಿಮ್ಮಡಿ, ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಬೆರಳು. ಪಟ್ಟಿಯನ್ನು ಪೂರಾ ಹಿಗ್ಗಿಸಿ, ಆಮೇಲೆ ಚೂರುಚೂರೇ ಕುಗ್ಗಿಸುತ್ತಾ ಕೇಳಿದೆ, "ಬಿಗಿ ಆಯ್ತಾ ಅಜ್ಜಿ? ಬೆರಳಿಗೆ ಒತ್ತುತ್ತಾ?"

ತಲೆಯೆತ್ತಿದರೆ ಅಜ್ಜಿಯ ಕಣ್ಣು ತುಂಬಿತ್ತು.

"ನೋಯ್ತಾ?"

"ಇಲ್ಲ ಮಗಾ. ನನ್ ಕಾಲಿಗೆ ಅಳತೆ ಅಂತ ಒಬ್ರು ನೋಡಿದ್ದು ಇದೇ ಮೊದ್ಲು."

"ಏಳ್ತೀಯಾ? ನಾ ಹಿಡ್ಕಂತೀನಿ."

"ಬ್ಯಾಡ, ಹಿಂಗೇ ಇರ್ಲಿ" ಅಂದಳು. ಬೆಂಚಿನಿಂದ ಏಳದೆ ಪಾದಗಳನ್ನು ಮುಂದಕ್ಕೂ ಹಿಂದಕ್ಕೂ ಉರುಳಿಸುತ್ತಾ ಕೂತಳು. ಅಮ್ಮ ಬರುವ ಸದ್ದಾದರೂ ಬಿಚ್ಚು ಅನ್ನಲಿಲ್ಲ.